ಆಂಗ್ಲದೇಶದ ರೈಲುಬಂಡಿಗಳ ಗುತ್ತಿಗೆ



ಮಕ್ಕಳನ್ನು ವಿದ್ಯಾಭ್ಯಾಸಕ್ಕಾಗಿಯೂ ಉದ್ಯೋಗಕ್ಕಾಗಿಯೂ ಇಂಗ್ಲೆಂಡಿಗೆ ಕಳುಹಿಸಿರುವ ಮನೆಗಳು ಈಗ ನಮ್ಮಲ್ಲಿ ಬಹಳ. ಅವರನ್ನು ಕಂಡುಬರಲು ಎರಡು ಮೂರು ಸಲ ಹೋಗಿಬಂದ ತಂದೆತಾಯಿಗಳು ಹೇಳುವ ಸೋಜಿಗಗಳಲ್ಲಿ ಇದೊಂದು: ಅದೇ ಹಳಿ, ಅದೇ ಬಂಡಿ, ಟಿಕೇಟು ನೋಡುವಾತನೂ ಅವನೇ; ಆದರೆ ಬಂಡಿಯ ಬಣ್ಣವೂ ಅದರ ಮೇಲಿನ ಹೆಸರೂ ಪ್ರತಿ ಸಲವೂ ಬೇರೆ. ಇದು ಹೇಗಾಯಿತೆಂಬುದನ್ನು ಈ ತಿಂಗಳು ಸ್ವಲ್ಪ ವಿಚಾರಿಸೋಣ.

ಆ ದೇಶದ ರೈಲುದಾರಿಗಳು ಮೊದಲು ಅನೇಕ ಕಂಪೆನಿಗಳ ಕೈಯಲ್ಲಿದ್ದು, 1923ರಲ್ಲಿ ಬಹುಮಟ್ಟಿಗೆ ನಾಲ್ಕು ದೊಡ್ಡ ಕಂಪೆನಿಗಳಾಗಿ ಕೂಡಿಕೊಂಡುವು. 1948ನೆಯ ಜನವರಿ 1ರಂದು ಅವೆಲ್ಲವೂ ರಾಷ್ಟ್ರದ ಸ್ವತ್ತಾದುವು. 1993ರಲ್ಲಿ ಪಾರ್ಲಿಮೆಂಟು ಹೊಸ ಕಾಯಿದೆಯೊಂದನ್ನು ಮಾಡಿ, ಕೂಡಿದ್ದ ಸಂಸಾರವನ್ನು ಮತ್ತೆ ಪಾಲು ಮಾಡಿತು. ಆ ಪಾಲಿನ ರೀತಿಯೇ ವಿಚಿತ್ರವಾದುದು. ಹಳಿ, ಸೇತುವೆ, ಕೈಮರಗಳು ರೈಲ್‌ಟ್ರ್ಯಾಕ್ ಎಂಬ ಒಂದು ಕಂಪೆನಿಗೆ. ಗಾಡಿಗಳು ಅವುಗಳನ್ನು ಬಾಡಿಗೆಗೆ ಕೊಡುವ ಬೇರೆ ಮೂರು ಕಂಪೆನಿಗಳಿಗೆ. ಆ ಗಾಡಿಗಳನ್ನು ಆ ಹಳಿಗಳ ಮೇಲೆ ಓಡಿಸಿ ಪ್ರಯಾಣಿಕರಿಂದ ಹಣವೆತ್ತುವ ಹಕ್ಕು ಮಾತ್ರ 25 ಗುತ್ತಿಗೆಗಳಾಗಿ ಸವಾಲಿಗೆ. ಮದುವೆಯ ಛತ್ರ ಒಬ್ಬನದು, ಪಾತ್ರೆಗಳು ಬಾಡಿಗೆಯವು, ಅಡಿಗೆಯವರು ಹಿಂದಿನಿಂದ ಇದ್ದವರೇ. ಊಟ ಬಡಿಸಿ ದುಡ್ಡು ತೆಗೆದುಕೊಳ್ಳುವವನು ಮಾತ್ರ ಗುತ್ತಿಗೆದಾರ ಎಂದರೆ ನಮ್ಮ ಗೃಹಿಣಿಯರಿಗೆ ತಟ್ಟನೆ ಅರ್ಥವಾದೀತು. ಹೊಸ ಗುತ್ತಿಗೆಯ ಮೊದಲ ಬಂಡಿಗಳು 1996ನೆಯ ಫೆಬ್ರವರಿ 4ರಂದು ಹೊರಟುವು. ಹಳಿಗಳ ಕಂಪೆನಿಯಾದರೋ 2001ರಲ್ಲಿಯೇ ದಿವಾಳಿಗೆ ಬಂದು, ಮರುವರ್ಷ ನೆಟ್‌ವರ್ಕ್ ರೈಲ್ ಎಂಬ ಸಂಸ್ಥೆಯ ವಶವಾಯಿತು. ಅದು ಬೇರೊಂದು ಕಥೆ.

ಗುತ್ತಿಗೆಯ ಅವಧಿ ಮುಗಿಯುತ್ತ ಬಂದಾಗ ಸರಕಾರದವರು ಸವಾಲು ಕರೆಯುತ್ತಿದ್ದರು. ಲಾಭದ ದಾರಿಯಾದರೆ “ಇಷ್ಟು ಹಣ ಕೊಡುವೆವು” ಎಂದೂ, ನಷ್ಟದ ದಾರಿಯಾದರೆ “ಇಷ್ಟು ಸಹಾಯಧನ ಸಾಕು” ಎಂದೂ ಕಂಪೆನಿಗಳು ಬರೆದುಕೊಡುತ್ತಿದ್ದುವು. ಗೆದ್ದವರಿಗೆ ನಿಶ್ಚಿತವಾದ ದಿನ, ನಡುರಾತ್ರಿ ಕಳೆದ ಮೇಲೆ, ದಾರಿಯು ಸಲ್ಲುತ್ತಿತ್ತು. ನೌಕರರ ಕೆಲಸಕ್ಕೆ ಕಾಯಿದೆಯ ರಕ್ಷಣೆಯಿರುವುದರಿಂದ ಅವರು ಹಾಗೆಯೇ ಹೊಸ ಯಜಮಾನನಿಗೆ ಸೇರುವರು. ಅಂಗಿಯ ಮೇಲಿನ ಗುರುತು ಬದಲಾಗುವುದು, ಅಷ್ಟೆ.

ಮಾವಿನ ತೋಪನ್ನು ಗುತ್ತಿಗೆ ಹಿಡಿಯುವವರನ್ನು ನಮ್ಮ ರೈತರು ಬಲ್ಲರು. ಮರವೆಲ್ಲ ಹೂವಾಗಿರುವಾಗ ಬೆಲೆ ಕಟ್ಟುವುದು; ಹಣ ಸಲ್ಲಿಸಬೇಕಾದುದು ಕಾಯಿಯಿಂದ. ನಡುವೆ ಆಲಿಕಲ್ಲು ಬಿದ್ದರೆ ಗುತ್ತಿಗೆದಾರನು ಮುಂಗಡವನ್ನು ಬಿಟ್ಟು ನಡೆದುಬಿಡುವನು. ತೋಪು ಒಡೆಯನ ಕೊರಳಿಗೇ ಉಳಿಯುವುದು. ಲಂಡನ್ನಿನಿಂದ ಎಡಿನ್‌ಬರೋವಿಗೆ ಹೋಗುವ ಸುಮಾರು 393 ಮೈಲಿಗಳ ಪೂರ್ವತೀರದ ದಾರಿಯಲ್ಲಿ ಇದೇ ಮೂರು ಸಲ ನಡೆಯಿತು. ಜಿ.ಎನ್.ಇ.ಆರ್. ಎಂಬ ಕಂಪೆನಿಯು 1996ರಿಂದ ಆ ದಾರಿಯನ್ನು ಚೆನ್ನಾಗಿಯೇ ನಡೆಸಿ ಹೆಸರು ಗಳಿಸಿತ್ತು. 2005ರಲ್ಲಿ ಮರಳಿ ಸವಾಲಾದಾಗ ಹತ್ತು ವರ್ಷಗಳಿಗೆ 130 ಕೋಟಿ ಪೌಂಡು ಕೊಡುವುದಾಗಿ ಒಪ್ಪಿತು. ಪ್ರಯಾಣಿಕರು ಎಣಿಸಿದಷ್ಟು ಹೆಚ್ಚಲಿಲ್ಲ. ಅದರ ಹಿಂದಿದ್ದ ಮೂಲ ಕಂಪೆನಿಯೂ ಕುಸಿಯಿತು. 2007ರ ಕೊನೆಗೆ ದಾರಿ ಕೈಬಿಟ್ಟಿತು. ಇದನ್ನು ಕಣ್ಣಾರೆ ಕಂಡ ನ್ಯಾಷನಲ್ ಎಕ್ಸ್‌ಪ್ರೆಸ್ ಕಂಪೆನಿಯು ಎಚ್ಚರಗೊಂಡಿತೆ? ಇಲ್ಲ, ಇನ್ನೂ ಕಡಮೆ ವರ್ಷಗಳಿಗೆ 140 ಕೋಟಿ ಕೂಗಿತು! ಮರುವರ್ಷವೇ ಲೋಕದ ವ್ಯಾಪಾರವೆಲ್ಲ ಕುಗ್ಗಿ, 2009ರ ನವೆಂಬರಿನಲ್ಲಿ ಅದೂ ಹೋಯಿತು. ಆಗ ಸರಕಾರವೇ ಬಂಡಿಗಳನ್ನು ಓಡಿಸಿ, ಐದು ವರ್ಷಗಳಲ್ಲಿ ಬೊಕ್ಕಸಕ್ಕೆ ಸುಮಾರು 100 ಕೋಟಿ ಪೌಂಡು ತಂದಿತು. ಹಾಗೆ ಹಾಲು ಕರೆಯುತ್ತಿದ್ದ ಹಸುವನ್ನು 2015ರಲ್ಲಿ ಪುನಃ ಗುತ್ತಿಗೆಗೆ ಕೊಟ್ಟುದೇಕೆಂಬುದು ನಮ್ಮ ಬುದ್ಧಿಗೆ ನಿಲುಕದು. ಸ್ಟೇಜ್‌ಕೋಚ್, ವರ್ಜಿನ್ ಕಂಪೆನಿಗಳು ಕೂಡಿ ಈ ಸಲ ಒಪ್ಪಿದ ಮೊತ್ತ 330 ಕೋಟಿ. 2018ನೆಯ ಜೂನಿನಲ್ಲಿ ಅವೂ ನಿರ್ಗಮಿಸಿದುವು. ಸರಕಾರವು ದಾರಿಯನ್ನು ಮತ್ತೆ ವಹಿಸಿಕೊಂಡು, 1923ರ ನಾಲ್ಕು ಕಂಪೆನಿಗಳಲ್ಲೊಂದರ ಹಳೆಯ ಹೆಸರಿನ ಮೊದಲಕ್ಷರಗಳನ್ನೇ ಎತ್ತಿ, ಎಲ್.ಎನ್.ಇ.ಆರ್. ಎಂದು ನಾಮಕರಣ ಮಾಡಿತು.

ದೋಷವೆಲ್ಲ ಗುತ್ತಿಗೆದಾರರದೆಂದು ನಾವು ಹೇಳಲಾರೆವು. ಹೆಚ್ಚಾಗಿ ಕೂಗಿದವನಿಗೇ ಕೊಡುವೆವೆಂದರೆ, ವಿವೇಕದಿಂದ ಎಣಿಸಿದವನು ಮೊದಲೇ ಸೋಲುವನು. ಪಶ್ಚಿಮತೀರದ ದಾರಿಗೆ 2012ರಲ್ಲಿ ನಡೆದ ಸವಾಲಿನಲ್ಲಿ ಅಧಿಕಾರಿಗಳ ಲೆಕ್ಕವೇ ತಪ್ಪಿದ್ದುದು ಹೊರಬಿದ್ದು, ಫಸ್ಟ್‌ಗ್ರೂಪ್ ಕಂಪೆನಿಗೆ ಸಂದಿದ್ದ ಗುತ್ತಿಗೆ ರದ್ದಾಯಿತು. ಸವಾಲು ಕೂಗಿದವರಿಗೆಲ್ಲ ವೆಚ್ಚವನ್ನು ಹಿಂದಿರುಗಿಸಬೇಕಾಗಿ ಬಂದಿತು. ಇನ್ನೊಂದು ಕಡೆ, ಈ ಗುತ್ತಿಗೆಯ ಕಾಲದಲ್ಲಿಯೇ ಪ್ರಯಾಣಗಳ ಸಂಖ್ಯೆಯು ಇಮ್ಮಡಿಗಿಂತಲೂ ಹೆಚ್ಚಿತೆಂಬುದನ್ನೂ ಒಪ್ಪಬೇಕು. ಅದು ಕಂಪೆನಿಗಳ ಸಾಮರ್ಥ್ಯದಿಂದಲೋ ದೇಶದ ಉದ್ಯೋಗಗಳು ಬೆಳೆದುದರಿಂದಲೋ ಎಂಬ ವಾದವು ಅಲ್ಲಿ ಇನ್ನೂ ಮುಗಿದಿಲ್ಲ.

2020ರ ಮಹಾಮಾರಿಯಲ್ಲಿ ಬಂಡಿಗಳು ಬರಿದಾದುವು. ಟಿಕೇಟಿನ ಹಣದ ಆಯವ್ಯಯವನ್ನೆಲ್ಲ ಸರಕಾರವೇ ಹೊತ್ತು, ಕಂಪೆನಿಗಳಿಗೆ ನಡೆಸಿದ ಕೂಲಿಯನ್ನು ಕೊಡುವಂತಾಯಿತು. ಹಳೆಯ ಗುತ್ತಿಗೆಯ ಪದ್ಧತಿ ಅಲ್ಲಿಗೆ ಮುಗಿಯಿತು. 2024ರ ಕಾಯಿದೆಯ ಮೇರೆಗೆ ಕರಾರುಗಳು ತೀರಿದಂತೆಲ್ಲ ದಾರಿಗಳು ಸರಕಾರಕ್ಕೆ ಮರಳತೊಡಗಿವೆ: 2025ರ ಮೇ ತಿಂಗಳಿನಲ್ಲಿ ಸೌತ್ ವೆಸ್ಟರ್ನ್, ಜುಲೈಯಲ್ಲಿ ಸಿ2ಸಿ, ಅಕ್ಟೋಬರಿನಲ್ಲಿ ಗ್ರೇಟರ್ ಆಂಗ್ಲಿಯ. ಆದರೆ ಮರಳಿದುದು ಬಂಡಿ ಓಡಿಸುವ ಹಕ್ಕು ಮಾತ್ರ. ಗಾಡಿಗಳು ಬಹುಪಾಲು ಇನ್ನೂ ಬಾಡಿಗೆಯವೇ. ಓಡಿಸುವವರು ಯಾರೇ ಆಗಲಿ, ಆ ಬಾಡಿಗೆಯನ್ನು ಸಲ್ಲಿಸಲೇಬೇಕು.