ಅಮ್ಮನ ಟಿಕೆಟ್ಟು, ಅತ್ತೆಯ ಟಿಕೆಟ್ಟು

ಮೊನ್ನೆ ಊರಿಗೆ ಹೋದಾಗ ಅಮ್ಮ ಒಂದು ಮಾತು ಹೇಳಿದಳು. "ನಿನ್ನ ಅತ್ತೆ ಹತ್ರ ಇರೋದೂ ಆಧಾರ್ ಕಾರ್ಡೇ, ನನ್ನ ಹತ್ರ ಇರೋದೂ ಆಧಾರ್ ಕಾರ್ಡೇ. ಅವರಿಗೆ ಬಸ್ಸು ಪುಕ್ಕಟೆ, ನಂಗ್ಯಾಕೆ ದುಡ್ಡು?"

ಹೇಳಿದ್ದು ತಮಾಷೆಗೇ. ನಾನೂ ನಕ್ಕು ಸುಮ್ಮನಾದೆ. ಆದ್ರೆ ಬೆಂಗಳೂರಿಗೆ ವಾಪಸ್ ಬಂದ ಮೇಲೂ ಆ ಮಾತು ತಲೆಯಿಂದ ಹೋಗ್ಲಿಲ್ಲ. ಅದಕ್ಕೇ ಈ ಬರಹ. ಸ್ವಲ್ಪ ಉದ್ದ ಆಯ್ತು, ಸಹಿಸಿಕೊಳ್ಳಿ :)

ನನ್ನ ಹೆಂಡತಿಯ ತವರು ಚನ್ನರಾಯಪಟ್ಟಣದ ಹತ್ರ. ನಮ್ಮೂರು ಕೊಪ್ಪದ ಕಡೆ, ಟಾರು ರಸ್ತೆಯಿಂದ ಒಳಗೆ. ಅತ್ತೆಗೆ ಸಕ್ಕರೆ ಕಾಯಿಲೆ, ಅಮ್ಮನಿಗೆ ಮಂಡಿನೋವು. ಇಬ್ಬರೂ ಡಾಕ್ಟರ ಹತ್ರ ಹೋಗ್ಬೇಕು ಅಂದ್ರೆ ಬಸ್ಸು ಹತ್ತಲೇಬೇಕು.

2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಯ್ತಲ್ಲ, ಅದಾದ ಮೇಲೆ ಅತ್ತೆಯ ಬದುಕು ನಿಜವಾಗ್ಲೂ ಬದಲಾಗಿದೆ. ಮೊದಲೆಲ್ಲ ಹಾಸನಕ್ಕೆ ಹೋಗ್ಬೇಕಾದ್ರೆ ಮಾವನ ಹತ್ರ ದುಡ್ಡು ಕೇಳ್ಬೇಕಿತ್ತು, ಜೊತೆಗೆ "ಯಾಕೆ, ಏನು" ಅನ್ನೋದಕ್ಕೆ ಉತ್ತರಾನೂ ಕೊಡ್ಬೇಕಿತ್ತು. ಈಗ ಬ್ಯಾಗು ಹೆಗಲಿಗೆ ಹಾಕ್ಕೊಂಡು ಹೊರಟೇಬಿಡ್ತಾರೆ. ಆಸ್ಪತ್ರೆ ತಪ್ಪಿಸಲ್ಲ. ತಮ್ಮನ ಮನೆಗೆ ಹೋಗಿ ಬರ್ತಾರೆ. ಮಾವ "ಎಲ್ಲಿಗೆ?" ಅಂತ ಕೇಳೋದನ್ನೂ ಬಿಟ್ಟಿದ್ದಾರೆ.

ನಮ್ಮ ಅಮ್ಮನ ಕಥೆ ಬೇರೆ. ನಮ್ಮೂರಿಗೆ ಕೆಂಪು ಬಸ್ಸು ಬಂದಿದ್ದೇ ಇಲ್ಲ. ಬರ್ತಿದ್ದದ್ದು ಒಂದು ಖಾಸಗಿ ಬಸ್ಸು, ದಿನಕ್ಕೆ ಎರಡು ಸಲ. ಕೊರೊನಾ ಆದ್ಮೇಲೆ ಅದು ಒಂದು ಸಲಕ್ಕೆ ಇಳಿಯಿತು. ಬೆಳಿಗ್ಗೆ ಹೋದ್ರೆ ಸಂಜೆ ವಾಪಸ್ ಬರೋಕೆ ಆಟೋನೇ ಗತಿ. ಬಸ್ಸಿಗೂ ದುಡ್ಡು, ಆಟೋಗೆ ಇನ್ನೂ ದುಡ್ಡು. ಹಾಗಾಗಿ ಅಮ್ಮನ ಮಂಡಿನೋವಿಗೆ ಔಷಧಿ ಅಂದ್ರೆ ಎಣ್ಣೆ ಕಾಯಿಸಿ ಹಚ್ಚೋದು, ಅಷ್ಟೇ.

ಈಗ ವಿಷಯಕ್ಕೆ ಬರ್ತೀನಿ. 2025ರ ಜುಲೈನಲ್ಲಿ ಶಕ್ತಿ ಯೋಜನೆಯ ಪ್ರಯಾಣಗಳ ಲೆಕ್ಕ 500 ಕೋಟಿ ಮುಟ್ಟಿತು ಅಂತ ಸಮಾರಂಭ ಆಯ್ತು. ಆ ಲೆಕ್ಕವನ್ನು ನಾನು ಸುಳ್ಳು ಅನ್ನಲ್ಲ. ಆದ್ರೆ ಅದು ಏನನ್ನು ಎಣಿಸುತ್ತೆ? ಕಂಡಕ್ಟರು ಹರಿದು ಕೊಡುವ ಶೂನ್ಯ ಟಿಕೆಟ್ಟುಗಳನ್ನು. ಆ ಟಿಕೆಟ್ಟಿನ ಬೆಲೆಯನ್ನು ಸರ್ಕಾರ ನಿಗಮಕ್ಕೆ ಕಟ್ಟಿಕೊಡಬೇಕು, ಹಾಗಾಗಿ ಲೆಕ್ಕ ಇಡಲೇಬೇಕು. ಅಂದ್ರೆ ಅದು ಮೂಲದಲ್ಲಿ ದುಡ್ಡಿನ ಲೆಕ್ಕ. ಅತ್ತೆ ನಡುವೆ ಇಳಿದು ಇನ್ನೊಂದು ಬಸ್ಸು ಹತ್ತಿದ್ರೆ ಎರಡು ಟಿಕೆಟ್ಟು, ವಾಪಸ್ ಬಂದ್ರೆ ನಾಲ್ಕು. ಆಸ್ಪತ್ರೆಗೆ ಹೋಗಿದ್ದು ಒಂದೇ ಸಲ! ನಮ್ಮಮ್ಮನಂಥವರು ಆ ಲೆಕ್ಕದಲ್ಲಿ ಸೊನ್ನೆಯಾಗಿ ಕೂಡ ಬರಲ್ಲ. ಬಸ್ಸು ಹತ್ತದೇ ಇದ್ದವರಿಗೆ ಯಾರೂ ಟಿಕೆಟ್ಟು ಹರಿಯೋದಿಲ್ವಲ್ಲ.

ಆದ್ರೂ ನಾವು ಜಗಳ ಆಡಿದ್ದು ಇದರ ಬಗ್ಗೆ ಅಲ್ಲ. ಒಂದು ಕಡೆಯವರು ಟಿಕೆಟ್ಟಿನ ಸಂಖ್ಯೆ ತೋರಿಸಿ "ನೋಡಿ ಕ್ರಾಂತಿ" ಅಂದ್ರು. ಇನ್ನೊಂದು ಕಡೆಯವರು ಧರ್ಮಸ್ಥಳದ ಬಸ್ಸಿನ ನೂಕುನುಗ್ಗಲಿನ ಫೋಟೋ ಹಂಚಿ "ಬಿಟ್ಟಿ ಭಾಗ್ಯ" ಅಂದ್ರು. ನಾನೂ ಒಂದೆರಡು ಫೋಟೋ ಫಾರ್ವರ್ಡ್ ಮಾಡಿದ್ದೆ, ಒಪ್ಕೋತೀನಿ. ಬಸ್ಸೇ ಬರದ ಊರಿನ ಫೋಟೋವನ್ನು ಯಾರೂ ಹಂಚಲಿಲ್ಲ. ಖಾಲಿ ರಸ್ತೆಯ ಫೋಟೋ ಯಾರು ನೋಡ್ತಾರೆ ಹೇಳಿ?

ಈ ಸಲ ಊರಲ್ಲಿದ್ದಾಗ ನಾಲ್ಕಾರು ಮನೆಗೆ ಹೋಗಿ ಕೇಳಿನೋಡೋಣ ಅನ್ನಿಸ್ತು. ಒಂದು ನೋಟ್‌ಬುಕ್ ಹಿಡ್ಕೊಂಡು ದೊಡ್ಡ ಸಂಶೋಧಕನ ಥರ ಹೊರಟೆ. ನನ್ನ ಮೊದಲನೇ ಪ್ರಶ್ನೆ: "ಫ್ರೀ ಬಸ್ಸಲ್ಲಿ ತಿಂಗಳಿಗೆ ಎಷ್ಟು ಸಲ ಹೋಗ್ತೀರಿ?" ತೋಟದ ಕೆಲಸಕ್ಕೆ ಬರುವ ಒಬ್ಬ ಅಕ್ಕ ನನ್ನನ್ನೇ ನೋಡಿ, "ಎಂತ ತಮ್ಮ, ಬೆಂಗ್ಳೂರಿಗೆ ಹೋದ್ಮೇಲೆ ಊರಿನ ರಸ್ತೆ ಮರ್ತೋಯ್ತಾ?" ಅಂದ್ರು. ನಾಚಿಕೆಯಾಯ್ತು. ಪ್ರಶ್ನೆಯಲ್ಲೇ ಬಸ್ಸು ಇದೆ ಅಂತ ನಾನೇ ತೀರ್ಮಾನ ಮಾಡಿಬಿಟ್ಟಿದ್ದೆ. ಆಮೇಲೆ ಪ್ರಶ್ನೆ ಬದಲಾಯಿಸಿದೆ: "ಹೋಗ್ಬೇಕು ಅಂದ್ಕೊಂಡೂ ಹೋಗದೆ ಉಳಿದಿದ್ದು ಯಾವಾಗ?" ಅಷ್ಟೇ ಸಾಕಾಯ್ತು. ಪಿಯುಸಿಗೆ ಸೇರದ ಮಗಳು, ಬಿಟ್ಟುಹೋದ ಬಿಪಿ ಮಾತ್ರೆ, ತಂಗಿಯ ಮನೆಯ ಸೀಮಂತ.. ಒಂದೊಂದಾಗಿ ಹೊರಗೆ ಬಂತು.

ಅತ್ತೆಯ ವಿಷಯದಲ್ಲೂ ನಾನು ಆತುರ ಪಟ್ಟಿದ್ದೆ. ಎಲ್ಲಾ ಬಸ್ಸಿನಿಂದಲೇ ಆಯ್ತು ಅಂತ ಹೇಳೋದು ಹೇಗೆ? ಅದೇ 2023ರ ಜುಲೈನಲ್ಲಿ ಅನ್ನಭಾಗ್ಯದ ಹೆಚ್ಚುವರಿ ಅಕ್ಕಿಯ ಬದಲು ದುಡ್ಡು ಬರೋಕೆ ಶುರುವಾಯ್ತು, ಆಗಸ್ಟ್ ಕೊನೆಗೆ ಗೃಹಲಕ್ಷ್ಮಿಯ 2000 ರೂಪಾಯಿ. ಅತ್ತೆಗೆ ಧೈರ್ಯ ಬಂದಿದ್ದು ಟಿಕೆಟ್ಟಿನಿಂದಲೋ, ಖಾತೆಗೆ ಬೀಳೋ ದುಡ್ಡಿನಿಂದಲೋ? ಕೇಳಿದ್ರೆ ಅವರು "ಎರಡೂ ಸೇರ್ಕೊಂಡು ಕಣಪ್ಪ" ಅಂತಾರೆ. ಬದುಕೋರಿಗೆ ಅಷ್ಟು ಸಾಕು. ಆದ್ರೆ ಮುಂದಿನ ಬಜೆಟ್ಟಿನಲ್ಲಿ ಯಾವುದಕ್ಕೆ ಎಷ್ಟು ಇಡಬೇಕು ಅಂತ ಯೋಚಿಸೋರಿಗೆ ಸಾಲದು.

ಹಾಗಾದ್ರೆ ತಿಳ್ಕೊಳ್ಳೋದು ಹೇಗೆ? ಯೋಜನೆ ಇಡೀ ರಾಜ್ಯಕ್ಕೆ ಒಂದೇ ದಿನ ಬಂತು, ಹೋಲಿಸೋಕೆ ಏನೂ ಉಳಿದಿಲ್ಲ ಅಂತ ಅನ್ನಿಸಬಹುದು. ಉಳಿದಿದೆ. ಉಡುಪಿ, ದಕ್ಷಿಣ ಕನ್ನಡ, ಮಲೆನಾಡಿನ ಎಷ್ಟೋ ರೂಟುಗಳಲ್ಲಿ ಖಾಸಗಿ ಬಸ್ಸುಗಳೇ ಓಡೋದು, ಅಲ್ಲಿ ಶಕ್ತಿ ಇಲ್ಲ. ಹಾಗಂತ ಉಡುಪಿಯನ್ನೂ ಹಾಸನವನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿದ್ರೆ ಎಡವ್ತೀವಿ. ಎರಡೂ ಜಿಲ್ಲೆಯ ದುಡಿಮೆ, ಓದು, ಜೀವನ ಎಲ್ಲಾ ಬೇರೆ. ಒಂದೇ ತಾಲ್ಲೂಕಿನ ಎರಡು ರಸ್ತೆ ತಗೋಬೇಕು. ಒಂದರಲ್ಲಿ ಕೆಂಪು ಬಸ್ಸು, ಇನ್ನೊಂದರಲ್ಲಿ ಇಲ್ಲ. ಅದೇ ಆಸ್ಪತ್ರೆ, ಅದೇ ಸಂತೆ, ಅದೇ ಕಾಲೇಜು. ಆಗ ವ್ಯತ್ಯಾಸ ಏನಾದ್ರೂ ಕಂಡ್ರೆ ಅದಕ್ಕೊಂದು ಅರ್ಥ ಇರುತ್ತೆ. 2011ರ ಜನಗಣತಿಯ ಊರುವಾರು ಪಟ್ಟಿಯಲ್ಲಿ ಸರ್ಕಾರಿ ಬಸ್ಸು, ಖಾಸಗಿ ಬಸ್ಸು ಇದೆಯಾ ಅಂತ ಬೇರೆಬೇರೆಯಾಗಿ ಬರೆದಿದ್ದಾರೆ. ಹಳೇ ಪಟ್ಟಿ, ನಿಜ, ಆದ್ರೆ ಶುರು ಮಾಡೋಕೆ ಸಾಕು. ಯಾವ ರೂಟಿಗೆ ಎಷ್ಟು ಟ್ರಿಪ್ಪು ಅಂತ ಮಾಹಿತಿ ಹಕ್ಕಿನಲ್ಲಿ ಡಿಪೋಗೆ ಅರ್ಜಿ ಹಾಕಿ ಕೇಳಬಹುದು, ಖರ್ಚು 10 ರೂಪಾಯಿ.

ಇನ್ನೊಂದು ಮಾತು. ನಷ್ಟ ಆದವರನ್ನೂ ಕೇಳ್ಬೇಕು. 2023ರ ಸೆಪ್ಟೆಂಬರ್ 11ಕ್ಕೆ ಬೆಂಗಳೂರಲ್ಲಿ ಆಟೋ, ಟ್ಯಾಕ್ಸಿ, ಖಾಸಗಿ ಬಸ್ಸಿನವರು ಬಂದ್ ಮಾಡಿದಾಗ ನಾವು ಆಫೀಸಿಗೆ ಹೋಗೋದು ಹೇಗೆ ಅಂತ ಗೊಣಗಿದ್ವಿ, ಅಷ್ಟೇ. ನಮ್ಮ ಕಡೆ ಖಾಸಗಿ ಬಸ್ಸು ಅಂದ್ರೆ ಬರೀ ಬಸ್ಸಲ್ಲ. ಕಂಡಕ್ಟರೇ ಪೇಟೆಯಿಂದ ಔಷಧಿ ತಂದುಕೊಡ್ತಾರೆ, ಅಜ್ಜಿಯ ಮನೆ ದಣಪೆ ಎದುರು ನಿಲ್ಲಿಸ್ತಾರೆ. ಕೊಪ್ಪದಲ್ಲಿ ಕಾರ್ಮಿಕರೇ ಸೇರಿ 1991ರಲ್ಲಿ ಕಟ್ಟಿದ ಸಹಕಾರ ಸಾರಿಗೆ 2020ರ ಫೆಬ್ರವರಿಯಲ್ಲಿ ನಿಂತೇಹೋಯ್ತು. ಶಕ್ತಿಗೂ ಅದಕ್ಕೂ ಸಂಬಂಧ ಇಲ್ಲ, ಅದು ಮೂರು ವರ್ಷ ಮೊದಲೇ ಆಗಿದ್ದು. ಆದ್ರೆ ಬಸ್ಸಿನ ಬಗ್ಗೆ ನೀತಿ ಮಾಡೋರು ಇಂಥ ಊರುಗಳಲ್ಲಿ ಮೊದಲು ಏನಿತ್ತು, ಏನು ಹೋಯ್ತು ಅಂತ ನೋಡದೆ ಬರೀ ಟಿಕೆಟ್ಟಿನ ದರ ಸೊನ್ನೆ ಮಾಡಿದ್ರೆ, ಬಸ್ಸು ಇರೋರಿಗೆ ಮಾತ್ರ ಅದು ಸೊನ್ನೆ.

ನಾನು ಯೋಜನೆಯ ವಿರೋಧಿ ಅಲ್ಲ. ಅತ್ತೆಯ ಮುಖ ನೋಡಿದವನು ವಿರೋಧಿ ಆಗೋಕೆ ಸಾಧ್ಯವೂ ಇಲ್ಲ. ನನ್ನ ಅಭಿಪ್ರಾಯ ಇಷ್ಟೇ: ಒಂದು ನೀತಿ ಊರಿಗೆ ಏನು ಮಾಡ್ತು ಅಂತ ತಿಳಿಯೋಕೆ, ಅದು ಮುಟ್ಟಿದವರನ್ನು ಎಣಿಸಿದ್ರೆ ಅರ್ಧ ಕೆಲಸ. ಮುಟ್ಟದೇ ಇದ್ದವರ ಜಗಲಿ ಮೇಲೆ ಕೂತು ಕೇಳೋದು ಉಳಿದರ್ಧ. ಮೊದಲನೆಯದನ್ನು ಯಂತ್ರ ಮಾಡುತ್ತೆ, ಎರಡನೆಯದಕ್ಕೆ ಜನ ಹೋಗ್ಬೇಕು.

ನಿಮ್ಮೂರಿಗೆ ಕೆಂಪು ಬಸ್ಸು ಬರುತ್ತಾ? ಎಷ್ಟು ಹೊತ್ತಿಗೆ? ನಿಮ್ಮಮ್ಮ ಕೊನೇ ಸಲ ಯಾವಾಗ ಒಬ್ಬರೇ ಹತ್ತಿದ್ರು? ಮುಂದಿನ ಸಲ ಊರಿಗೆ ಹೋದಾಗ ಕೇಳಿ, ಸಾಧ್ಯ ಆದ್ರೆ ಬರೀರಿ. ನಾನು ಓದ್ತೀನಿ.

ಅಮ್ಮನಿಗೆ ಏನು ಉತ್ತರ ಕೊಡೋದು ಅಂತ ಇನ್ನೂ ಗೊತ್ತಾಗಿಲ್ಲ. ಸದ್ಯಕ್ಕೆ ಮುಂದಿನ ತಿಂಗಳು ರಜೆ ಹಾಕಿ ನಾನೇ ಶಿವಮೊಗ್ಗಕ್ಕೆ ಕರ್ಕೊಂಡು ಹೋಗ್ತಿದ್ದೀನಿ. ಪಕ್ಕದ ಮನೆ ಅಕ್ಕನಿಗೆ ಬೆಂಗಳೂರಿನಿಂದ ಬರೋ ಮಗ ಇಲ್ಲ.