ಹೊಲದ ಲೆಕ್ಕವಿದೆ, ಕೂಲಿಯಾಳಿನ ಸೂರಿನ ಲೆಕ್ಕವೆಲ್ಲಿ?

ಚಂದ್ರಾ ಲೇಔಟ್‌ನ ಸುತ್ತಮುತ್ತಲಿನ ಬಡಾವಣೆಗಳ ಹೆಸರುಗಳನ್ನೊಮ್ಮೆ ಗಮನಿಸಿ. ಅತ್ತಿಗುಪ್ಪೆ, ಮೂಡಲಪಾಳ್ಯ, ನಾಗರಭಾವಿ, ನಾಯಂಡಹಳ್ಳಿ. ಎಲ್ಲವೂ ಹಳ್ಳಿಗಳ ಹೆಸರುಗಳೇ. ಹೆಸರು ಉಳಿದಿದೆ, ಹೊಲ ಉಳಿದಿಲ್ಲ. ಆ ಹೊಲಗಳ ಮಾಲಕರು ಯಾರಾಗಿದ್ದರೆಂದು ತಿಳಿಯಬೇಕಾದರೆ ಹಳೆಯ ಪಹಣಿಗಳಿವೆ, ಭೂಸ್ವಾಧೀನದ ಕಡತಗಳಿವೆ, ಪರಿಹಾರದ ಮೊತ್ತಕ್ಕಾಗಿ ಹೂಡಿದ ಮೊಕದ್ದಮೆಗಳಿವೆ. ಆದರೆ ಅಲ್ಲಿ ಕಳೆ ಕಿತ್ತವರು, ರಾಗಿ ಕೊಯ್ದವರು, ಒಡೆಯನ ಜಮೀನಿನ ಮೂಲೆಯಲ್ಲಿ ಗುಡಿಸಲು ಹಾಕಿಕೊಂಡು ಮಕ್ಕಳನ್ನು ಸಾಕಿದವರು ಎಲ್ಲಿಗೆ ಹೋದರು? ಇದಕ್ಕೆ ಉತ್ತರ ಕೊಡುವ ಪಹಣಿಯಿಲ್ಲ. ಪಹಣಿಯಲ್ಲಿ ಒಡೆತನಕ್ಕೆ ಕಲಂ ಇದೆ, ಬೆವರಿಗೆ ಇಲ್ಲ.

ಹಳೆಯ ಕಥೆಯನ್ನು ಈಗ ಕೆದಕುವುದೇಕೆ ಎಂದು ಕೇಳುವವರಿರಬಹುದು. ಕಥೆ ಹಳೆಯದಾಗಿದ್ದರೆ ನಾವು ಕೆದಕುತ್ತಿರಲಿಲ್ಲ. ಕೆಂಗೇರಿಯಿಂದ ಮಾಗಡಿ ರಸ್ತೆಯ ವರೆಗೆ ಹಬ್ಬಿರುವ ನಾಡಪ್ರಭು ಕೆಂಪೇಗೌಡ ಬಡಾವಣೆಗೆ 2010ರ ಅಂತಿಮ ಅಧಿಸೂಚನೆಯಲ್ಲಿ ಗುರುತಿಸಲಾದ ಭೂಮಿ 4,043 ಎಕರೆ. ಮೈಸೂರು ರಸ್ತೆಯಲ್ಲಿ ಇನ್ನಷ್ಟು ಮುಂದೆ ಹೋದರೆ ಬಿಡದಿ. ಅಲ್ಲಿಯ ಬೈರಮಂಗಲ, ಕಂಚುಗಾರನಹಳ್ಳಿ ಪಂಚಾಯತ್‌ಗಳ ಗ್ರಾಮಗಳಲ್ಲಿ ಉಪನಗರಕ್ಕಾಗಿ 2025ರಲ್ಲಿ ಗುರುತಿಸಲಾದ ಭೂಮಿ 7 ಸಾವಿರ ಎಕರೆಗೂ ಅಧಿಕ. ರೈತರು ಬೀದಿಗಿಳಿದರು. ಅವರ ಹೋರಾಟ ನ್ಯಾಯವಾದುದೆಂಬುದರಲ್ಲಿ ನಮಗೆ ಸಂಶಯವಿಲ್ಲ. ಆದರೆ ಎಕರೆಗೆ ಎಷ್ಟು ಬೆಲೆ, ಅಭಿವೃದ್ಧಿಪಡಿಸಿದ ಭೂಮಿಯಲ್ಲಿ ಎಷ್ಟು ಪಾಲು ಎಂಬ ಚರ್ಚೆಯ ನಡುವೆ, ಎಕರೆಯೇ ಇಲ್ಲದವನ ಪಾಲು ಏನೆಂದು ಯಾರಾದರೂ ಗಟ್ಟಿಯಾಗಿ ಕೇಳಿದರೇ?

ಅವರೇನು ಬೆರಳೆಣಿಕೆಯ ಮಂದಿಯೇ? 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಸ್ವಂತ ಸಾಗುವಳಿದಾರರು ಸುಮಾರು 66 ಲಕ್ಷ, ಕೃಷಿ ಕೂಲಿಕಾರರು 71 ಲಕ್ಷಕ್ಕೂ ಹೆಚ್ಚು. ಅಂದರೆ ನೇಗಿಲು ಹಿಡಿದವನಿಗಿಂತ ಆ ನೇಗಿಲಿನ ಹಿಂದೆ ಕೂಲಿಗೆ ನಡೆದವರೇ ಅಧಿಕ. ಆದರೂ ನಮ್ಮ ರಾಜಕಾರಣಕ್ಕೆ 'ರೈತ' ಎಂದೊಡನೆ ಜಮೀನಿರುವವನೇ ನೆನಪಾಗುತ್ತಾನೆ.

ಅಷ್ಟಕ್ಕೂ ಕಾನೂನು ಇವರನ್ನು ಪೂರ್ತಿಯಾಗಿ ಮರೆತಿರಲಿಲ್ಲ. 2013ರ ಭೂಸ್ವಾಧೀನ ಕಾಯ್ದೆಯು, ಜಮೀನು ಇಲ್ಲದಿದ್ದರೂ ಮೂರು ವರ್ಷಗಳಿಂದ ಆ ಪ್ರದೇಶದಲ್ಲಿ ದುಡಿದು ಬದುಕುತ್ತಿರುವ ಕೃಷಿ ಕೂಲಿಕಾರನ ಕುಟುಂಬವನ್ನು 'ಬಾಧಿತ ಕುಟುಂಬ' ಎಂದೇ ಕರೆಯಿತು. ಸ್ವಾಧೀನಕ್ಕೆ ಮೊದಲು ಸಾಮಾಜಿಕ ಪರಿಣಾಮದ ಅಧ್ಯಯನ ನಡೆಯಬೇಕೆಂದಿತು. ನಿವೇಶನವಿಲ್ಲದೆ ಅಲ್ಲೇ ನೆಲೆಸಿದ್ದು ಒಕ್ಕಲೇಳಬೇಕಾದವರಿಗೂ ಮನೆಯ ಭರವಸೆ ಕೊಟ್ಟಿತು. ಆದರೆ 1976ರ ಬಿಡಿಎ ಕಾಯ್ದೆಯಡಿ ನಡೆಯುವ ಸ್ವಾಧೀನಕ್ಕೆ ಈ ಕಾಯ್ದೆ ಅನ್ವಯಿಸದೆಂದು 2022ರ ಜನವರಿಯಲ್ಲಿ ಸುಪ್ರೀಮ್ ಕೋರ್ಟು ಹೇಳಿತು. ತೀರ್ಪಿನ ಕಾನೂನು ತರ್ಕದೊಡನೆ ನಮಗೆ ಜಗಳವಿಲ್ಲ. ಅದರ ಫಲವನ್ನು ಮಾತ್ರ ನೋಡಿ. ಬಿಡಿಎ ಒಂದು ಬಡಾವಣೆ ಮಾಡುವಾಗ ಅಲ್ಲಿಯ ಕೂಲಿಕಾರರ ಸೂರಿನ ಅಧ್ಯಯನ ಮಾಡಬೇಕೆಂದು ಆ ಕಾಯ್ದೆಯ ಬಲದಿಂದ ಕೇಳುವಂತಿಲ್ಲ. ಕಡ್ಡಾಯವಲ್ಲದ್ದನ್ನು ಯಾವ ಪ್ರಾಧಿಕಾರ ತಾನಾಗಿ ಮಾಡುತ್ತದೆ?

ಎಣಿಕೆಯಾದವರಿಗೆ ಏನು ಸಿಗುತ್ತದೆ, ಆಗದವರಿಗೆ ಏನಾಗುತ್ತದೆ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಎರಡು ನಿದರ್ಶನಗಳಿವೆ. ದಾಖಲೆಯಿಲ್ಲದ ತಾಂಡಾಗಳನ್ನು ಗುರುತಿಸಿ, ಪಟ್ಟಿ ಮಾಡಿ, ಕಂದಾಯ ಗ್ರಾಮಗಳೆಂದು ಘೋಷಿಸಿದ್ದರಿಂದಲೇ 2023ರ ಜನವರಿಯಲ್ಲಿ ಮಳಖೇಡದ ಸಮಾರಂಭದಲ್ಲಿ 50 ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ಕೊಡಲು ಸಾಧ್ಯವಾಯಿತು. ಇನ್ನೊಂದು ಕೊಡಗಿನ ದಿಡ್ಡಳ್ಳಿ. ಕಾಫಿ ತೋಟದ ಲೈನ್ ಮನೆಗಳ ಬದುಕನ್ನು ಬಿಟ್ಟು ಹೊರಬಂದು ಕಾಡಂಚಿನಲ್ಲಿ ಗುಡಿಸಲು ಕಟ್ಟಿಕೊಂಡಿದ್ದ 577 ಆದಿವಾಸಿ ಕುಟುಂಬಗಳನ್ನು 2016ರ ಡಿಸೆಂಬರ್‌ನಲ್ಲಿ ಎಬ್ಬಿಸಲಾಯಿತು. ಪುನರ್ವಸತಿಯ ಮಾತು ಬಂದದ್ದು ಗುಡಿಸಲುಗಳು ನೆಲಸಮವಾಗಿ, ರಾಜ್ಯವೇ ದಿಡ್ಡಳ್ಳಿಯತ್ತ ನೋಡಿದ ಬಳಿಕ. ಬಿಡದಿಯಲ್ಲೂ ನಾವು ಹಾಗೆಯೇ ಕಾಯಬೇಕೇ?

ಆದ್ದರಿಂದ ಕೆಂಗೇರಿಯಿಂದ ಬಿಡದಿ, ಮಾಗಡಿಯ ವರೆಗಿನ ಪ್ರದೇಶದಲ್ಲಿ ಕೃಷಿ ಕೂಲಿಕಾರರ ವಸತಿಯ ಕುರಿತು ಸಮಗ್ರ ಅಧ್ಯಯನವೊಂದು ನಡೆಯಲೇಬೇಕು. ತಜ್ಞರ ಕೊರತೆ ಇದೆಯೆಂದು ಯಾರೂ ಹೇಳುವಂತಿಲ್ಲ. ವಿ.ಕೆ.ಆರ್.ವಿ. ರಾವ್ ಅವರು 1972ರಲ್ಲಿ ಸ್ಥಾಪಿಸಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆ ಇರುವುದು ಪಕ್ಕದ ನಾಗರಭಾವಿಯಲ್ಲಿ. ರಾಷ್ಟ್ರೀಯ ಕಾನೂನು ಶಾಲೆಯೂ ಅಲ್ಲೇ. ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿಯೂ ಅದೇ ನೆರೆಯಲ್ಲಿ. ದೇಶದ ಬಡತನವನ್ನು ಅಳೆಯಬಲ್ಲವರು ಕಾಲ್ನಡಿಗೆಯ ದೂರದಲ್ಲಿದ್ದಾರೆ.

ಹಣವಿಲ್ಲ ಎಂದಾದರೂ ಹೇಳಬಹುದೇ? 2025ರ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ರಾಜ್ಯ ಸರಕಾರ 420 ಕೋಟಿ ರೂಪಾಯಿ ತೆಗೆದಿರಿಸಿತು. ಅದನ್ನು ನಾವು ತಪ್ಪೆನ್ನುವುದಿಲ್ಲ. ಮನಸ್ಸಿದ್ದಾಗ ಬೊಕ್ಕಸ ತೆರೆಯುತ್ತದೆ ಎಂದಷ್ಟೇ ಹೇಳುತ್ತಿದ್ದೇವೆ. ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲೇ ಕಾಯ್ದೆ ಬಂದಿತ್ತು, ನಿರ್ಮಾಣ ವೆಚ್ಚದ ಮೇಲೆ ಶೇ. 1ರ ಸೆಸ್ ಇದೆ, ಕಲ್ಯಾಣ ಮಂಡಳಿಯಿದೆ. ಮನೆ ಕಟ್ಟಿದವನಿಗೆ ಇರುವ ಈ ಅಲ್ಪ ಆಸರೆ, ಆ ಮನೆ ಏಳುವ ಮುನ್ನ ಅದೇ ನೆಲದಲ್ಲಿ ಅನ್ನ ಬೆಳೆದವನಿಗೆ ಇಲ್ಲ. ಮೂಲೆ ನಿವೇಶನಗಳನ್ನು ಬಿಡಿಎ ಹರಾಜು ಹಾಕುತ್ತದಲ್ಲ, ಅಂಥ ಒಂದೆರಡು ನಿವೇಶನಗಳ ಹಣ ಈ ಅಧ್ಯಯನಕ್ಕೆ ಸಾಲದೇ?

ಆದರೆ ಹಣ ಕೊಟ್ಟೊಡನೆ ಕೆಲಸ ಮುಗಿಯುವುದಿಲ್ಲ. ಕಚೇರಿಯಲ್ಲಿ ಕುಳಿತು ತುಂಬಿದ ಅರ್ಜಿಗಳ ರಾಶಿಯನ್ನು ಅಧ್ಯಯನವೆಂದು ಕರೆಯುವ ರೂಢಿ ನಮ್ಮಲ್ಲಿದೆ. ಕೂಲಿಕಾರನ ಮನೆಯನ್ನು ಒಮ್ಮೆ ನೋಡಿದರೆ ಸಾಲದು. ರಾಗಿ ಕಟಾವಿನ ನವೆಂಬರ್-ಡಿಸೆಂಬರ್‌ನಲ್ಲಿ ಒಮ್ಮೆ, ಕೆಲಸ ಕಡಿಮೆಯಿರುವ ಬೇಸಗೆಯಲ್ಲಿ ಇನ್ನೊಮ್ಮೆ ನೋಡಬೇಕು. ಒಂದು ಹಂಗಾಮಿನಲ್ಲಿ ಇದ್ದ ಕುಟುಂಬ ಇನ್ನೊಂದರಲ್ಲಿ ಇಲ್ಲದಿರಬಹುದು. ಒಡೆಯನ ಎದುರು ನಿಲ್ಲಿಸಿ ಪ್ರಶ್ನೆ ಕೇಳಬಾರದು. ಅವನ ತೋಟದ ಮನೆಯಲ್ಲಿದ್ದುಕೊಂಡು ಅವನೆದುರೇ ಸೂರು ಸೋರುತ್ತದೆಂದು ಹೇಳುವ ಧೈರ್ಯ ಯಾರಿಗಿದೆ? ಹೆಂಗಸರನ್ನು ಹೆಂಗಸರೇ ಕೇಳಬೇಕು. ಶೌಚಾಲಯ, ಸ್ನಾನದ ಮರೆ, ನೀರಿನ ದೂರ, ಒಲೆಯ ಹೊಗೆ ಇವನ್ನೆಲ್ಲ ಮನೆಯ ಗಂಡಸು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾನೆ. ವಿದ್ಯುತ್ ಮೀಟರು ಯಾರ ಹೆಸರಿನಲ್ಲಿದೆ, ಕೆಲಸ ಬಿಟ್ಟರೆ ಎಷ್ಟು ದಿನಗಳಲ್ಲಿ ಮನೆ ಬಿಡಬೇಕು, ಮುಂಗಡ ಸಾಲ ತೀರದೆ ಹೊರಹೋಗಲು ಬಿಡುತ್ತಾರೆಯೇ? ಗೋಡೆ ಇಟ್ಟಿಗೆಯದೋ ಮಣ್ಣಿನದೋ ಎಂಬುದಕ್ಕಿಂತ ಈ ಪ್ರಶ್ನೆಗಳು ಮುಖ್ಯ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಗಣತಿದಾರ ಗುರುತಿನ ಚೀಟಿ ಕೇಳಬಾರದು. ಬಂಗಾಳಿ ಮಾತನಾಡಿದರೆ ಸಾಕು, ಬಾಂಗ್ಲಾದೇಶಿಯೆಂದು ಬೊಟ್ಟು ಮಾಡುವ ಕಾಲವಿದು. ಕಾಗದ ಕೇಳಿದ ದಿನವೇ ಅಸ್ಸಾಮಿನಿಂದ, ಬಂಗಾಳದಿಂದ ಕೂಲಿಗೆ ಬಂದವರು ಗುಡಿಸಲು ಖಾಲಿ ಮಾಡಿ ಮರೆಯಾಗುತ್ತಾರೆ. ಆಮೇಲೆ ವರದಿಯಲ್ಲಿ ಸಮಸ್ಯೆಯೇ ಇಲ್ಲವೆಂದು ಬರೆಯಬಹುದು!

ಅಧ್ಯಯನಗಳಿಂದ ಏನಾಗುತ್ತದೆ, ಸಾಚಾರ್ ವರದಿಯಿಂದ ನಮಗೇನಾಯಿತು ಎಂಬ ಪ್ರಶ್ನೆ ನಮ್ಮ ಮನೆಗಳಲ್ಲಿ ಏಳದಿರದು. ಶಿಫಾರಸುಗಳು ಧೂಳು ತಿಂದದ್ದು ನಿಜ. ಆದರೆ 2006ರ ಬಳಿಕ ಓಲೈಕೆಯ ಆರೋಪಕ್ಕೆ ಉತ್ತರಿಸುವಾಗ ನಮ್ಮ ಕೈಯಲ್ಲಿ ಅಂಕಿಗಳಿದ್ದವು. ಅದಕ್ಕೆ ಮೊದಲು ಬರೀ ಅಳಲಿತ್ತು. ಕೃಷಿ ಕೂಲಿಕಾರನ ಕೈಯಲ್ಲಿ ಇಂದಿಗೂ ಅಳಲಷ್ಟೇ ಇದೆ.

ಸರಕಾರ ಕೊಡುವ ತನಕ ಕೈಕಟ್ಟಿ ಕೂರಬೇಕಾಗಿಲ್ಲ. ಪಟ್ಟಣದ ಮುಸ್ಲಿಮ್ ಕುಟುಂಬಗಳು ಮದುವೆಯ ಹಾಲ್‌ಗೆ, ದೀಪಾಲಂಕಾರಕ್ಕೆ ಸುರಿಯುವ ಹಣ ನಮಗೆಲ್ಲ ಗೊತ್ತಿದೆ. ಝಕಾತ್ ಬಡವನ ಕೈಸೇರಿ ಅವನ ಒಡೆತನಕ್ಕೆ ಬರಬೇಕೆಂಬುದು ಹನಫೀ ವಿದ್ವಾಂಸರ ನಿಲುವು. ಆದ್ದರಿಂದ ಸಂಶೋಧಕರ ಭತ್ಯೆಗೆ ಅದನ್ನು ಬಳಸಿರೆಂದು ನಾವು ಹೇಳುವುದಿಲ್ಲ. ಐಚ್ಛಿಕ ಸದಕಕ್ಕೆ ಆ ನಿರ್ಬಂಧವಿಲ್ಲ. ಕೂಲಿಕಾರ ಯಾವ ಧರ್ಮದವನೆಂದು ನೋಡಬೇಕಾಗಿಯೂ ಇಲ್ಲ. ಮೊದಲ ಹಂತಕ್ಕೆ ಎರಡು ಪಂಚಾಯತ್‌ಗಳು ಸಾಕು. ಸಮಾಜಕಾರ್ಯ ಕಲಿಯುವ ನಮ್ಮ ಹುಡುಗ ಹುಡುಗಿಯರನ್ನು ಇತರ ವಿದ್ಯಾರ್ಥಿಗಳೊಂದಿಗೆ ಕಳುಹಿಸಿ, ನಾಗರಭಾವಿಯ ಪ್ರಾಧ್ಯಾಪಕರಿಂದ ಪ್ರಶ್ನಾವಳಿ ತಿದ್ದಿಸಿಕೊಳ್ಳಬಹುದು. ಆ ಎರಡು ಪಂಚಾಯತ್‌ಗಳ ಲೆಕ್ಕವನ್ನು ಮುಂದಿಟ್ಟು ಉಳಿದ ಪ್ರದೇಶಕ್ಕೆ ಬಜೆಟ್‌ನಲ್ಲಿ ಹಣವಿಡುವಂತೆ ಶಾಸಕರನ್ನು ಕೇಳಬಹುದು. ರಾಗಿ ಕಟಾವಿನ ಹೊತ್ತಿಗೆ ಪ್ರಶ್ನಾವಳಿ ಸಿದ್ಧವಿರಬೇಕಾದರೆ, ಚಂದ್ರಾ ಲೇಔಟ್ ಮತ್ತು ಆಸುಪಾಸಿನ ಮಸೀದಿ ಕಮಿಟಿಗಳು ತಮ್ಮ ಮುಂದಿನ ಸಭೆಯ ವಿಷಯಪಟ್ಟಿಯಲ್ಲೇ ಇದನ್ನು ಸೇರಿಸಬೇಕು.