ಸೂತ್ರ ಆಮೇಲೆ, ಮೊದಲು ವೃತ್ತ

ಎನ್‌ಸಿಇಆರ್‌ಟಿಯ ಹನ್ನೊಂದನೆಯ ತರಗತಿಯ ಗಣಿತ ಸೆಟ್ಸ್, ಅಂದರೆ ಗಣಗಳ ಪಾಠದಿಂದಲೇ ಆರಂಭ. ಇಂಗ್ಲೆಂಡಿನ ಜಾನ್ ವೆನ್ 1880ರಲ್ಲಿ ವೃತ್ತಗಳನ್ನು ಬರೆದು ತೋರಿಸಿದ್ದು ವಿಷಯ ಕಣ್ಣಿಗೆ ಕಾಣಲೆಂದು. ನಮ್ಮಲ್ಲಿ ಹಲವು ಮೇಷ್ಟರುಗಳು ಚಿತ್ರಕ್ಕೂ ಮೊದಲೇ ಸೂತ್ರವನ್ನು ಬಾಯಿಪಾಠ ಮಾಡಿಸುತ್ತಾರೆ. ಇದನ್ನು ನಾವು ಒಪ್ಪುವುದಿಲ್ಲ.

ಒಂದು ಲೆಕ್ಕ ನೋಡಿ. ವಠಾರದಲ್ಲಿ 40 ಮನೆ. ಕನ್ನಡ ಪತ್ರಿಕೆ 28 ಮನೆಗೆ, ಮರಾಠಿ ಪತ್ರಿಕೆ 22 ಮನೆಗೆ, 3 ಮನೆಗೆ ಯಾವುದೂ ಇಲ್ಲ. ಎರಡನ್ನೂ ತರಿಸುವವರೆಷ್ಟು? ಮೂರನ್ನು ವೃತ್ತಗಳ ಹೊರಗೆ ಬರೆಯಿರಿ. ಒಳಗೆ ಉಳಿದದ್ದು 37. ಆದರೆ 28ಕ್ಕೆ 22 ಕೂಡಿದರೆ 50! ಹೆಚ್ಚಾದ 13 ನಾವು ಎರಡು ಸಲ ಎಣಿಸಿದ ಮನೆಗಳು. ಅದು ನಡುವಿನ ಸಂಖ್ಯೆ. ಕನ್ನಡ ಮಾತ್ರ 15, ಮರಾಠಿ ಮಾತ್ರ 9.

ಇಷ್ಟು ತಿಳಿದ ಮಗು ಸೂತ್ರವನ್ನು ತಾನೇ ಕಟ್ಟುತ್ತದೆ. ತಿಳಿಯದ ಮಗು 28ನ್ನು 'ಕನ್ನಡ ಮಾತ್ರ' ಎಂಬಲ್ಲಿ ತುಂಬಿ ಪೆಚ್ಚಾಗುತ್ತದೆ. ತಪ್ಪು ಮಗುವಿನದೇ?

ಪಾಠ ಇಂಗ್ಲಿಷಿನಲ್ಲಿದೆಯೆಂದು ತಾಯಿತಂದೆಯರು ಹಿಂಜರಿಯಬೇಕಿಲ್ಲ. ಎಣಿಸಲು ಕನ್ನಡ ಸಾಕು. ಟ್ಯೂಷನ್ ಫೀಸು ಕಟ್ಟುವ ಮುನ್ನ ಒಂದು ಸಂಜೆ ಮಗುವಿನೊಡನೆ ಕುಳಿತು ಎರಡು ವೃತ್ತ ಬರೆಯೋಣ.